ಆಯ್ದು ಹಿಡಿ, ಬದಲಿಸು: ಜೆಕ್ವೆರಿ ಆಳಿದ ಕಾಲ

1997ರಲ್ಲಿ ಬಂದ ನೆಟ್‌ಸ್ಕೇಪ್ 4 ಬ್ರೌಸರ್‌ನಲ್ಲಿ ಒಂದು ವಿಚಿತ್ರವಿತ್ತು. ಸೆಟ್ಟಿಂಗ್ಸ್‌ಗೆ ಹೋಗಿ ಜಾವಾಸ್ಕ್ರಿಪ್ಟನ್ನು ಆಫ್ ಮಾಡಿದರೆ ಪುಟದ ಸ್ಟೈಲ್‌ಶೀಟ್ ಕೂಡ ಕೆಲಸ ನಿಲ್ಲಿಸುತ್ತಿತ್ತು. ಶೀರ್ಷಿಕೆಯ ಬಣ್ಣ, ಪ್ಯಾರಾಗಳ ನಡುವಿನ ಅಂತರ, ಅಕ್ಷರದ ಗಾತ್ರ ಎಲ್ಲವೂ ಒಂದೇ ಏಟಿಗೆ ಮಾಯವಾಗಿ ಬರಿಯ ಪಠ್ಯ ಉಳಿಯುತ್ತಿತ್ತು. ಪುಟ ಹೇಗೆ ಕಾಣಬೇಕೆಂದು ಹೇಳುವ ಸಿಎಸ್‌ಎಸ್ ಬೇರೆ, ಪುಟ ಏನು ಮಾಡಬೇಕೆಂದು ಹೇಳುವ ಜಾವಾಸ್ಕ್ರಿಪ್ಟ್ ಬೇರೆ. ಒಂದನ್ನು ನಿಲ್ಲಿಸಿದರೆ ಇನ್ನೊಂದೂ ನಿಲ್ಲುವುದೇಕೆ?

ಕಾರಣ ಕಂಪನಿಯ ಹಟದಲ್ಲಿತ್ತು. ಪುಟದ ಅಂದಚೆಂದವನ್ನೂ ಜಾವಾಸ್ಕ್ರಿಪ್ಟ್‌ನಲ್ಲೇ ಬರೆಯಬೇಕೆಂಬ ಯೋಜನೆಯನ್ನು ನೆಟ್‌ಸ್ಕೇಪ್ 1996ರಲ್ಲಿ, ವೆಬ್‌ನ ನಿಯಮ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮುಂದಿಟ್ಟಿತ್ತು. ಅದಕ್ಕೆ ಜಾವಾಸ್ಕ್ರಿಪ್ಟ್ ಸ್ಟೈಲ್‌ಶೀಟ್ ಎಂದು ಹೆಸರು. ಒಪ್ಪಿಗೆ ಸಿಕ್ಕಿದ್ದು ಮಾತ್ರ ಸಿಎಸ್‌ಎಸ್‌ಗೆ. ಆಗ ನೆಟ್‌ಸ್ಕೇಪ್ ತನ್ನ ಬ್ರೌಸರ್‌ನ ಒಳಗೆ ಸಿಎಸ್‌ಎಸ್ ಸಾಲುಗಳನ್ನು ತನ್ನದೇ ಪದ್ಧತಿಗೆ ಪರಿವರ್ತಿಸಿ ನಡೆಸಿತು. ಹೀಗಾಗಿ ಜಾವಾಸ್ಕ್ರಿಪ್ಟ್ ನಿಂತರೆ ಸ್ಟೈಲೂ ನಿಲ್ಲುತ್ತಿತ್ತು. ಮುಂದಿನ ಹತ್ತು ವರ್ಷ ಜಾಲಪುಟ ಕಟ್ಟುವವರು ಪಟ್ಟ ಪಾಡಿನ ಬೀಜ ಇಲ್ಲಿದೆ. ಪುಟದ ರೂಪವನ್ನು ಕ್ರಿಯೆಯಿಂದ ಬದಲಿಸುವ ದಾರಿ ಯಾವುದು ಎಂಬುದರಲ್ಲಿ ಬ್ರೌಸರ್ ಕಂಪನಿಗಳಿಗೆ ಒಮ್ಮತವೇ ಇರಲಿಲ್ಲ.

ಎರಡು ಭಾಷೆ, ಎರಡು ಹುಟ್ಟು

1994ರ ಅಕ್ಟೋಬರ್‌ನಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿದ್ದ ನಾರ್ವೆಯ ಹೋಕನ್ ವಿಯುಮ್ ಲೀ ಸಿಎಸ್‌ಎಸ್‌ನ ಮೊದಲ ಪ್ರಸ್ತಾವವನ್ನು ಬರೆದರು. ನೆದರ್ಲೆಂಡ್ಸ್‌ನ ಬರ್ಟ್ ಬಾಸ್ ಜೊತೆಗೂಡಿದರು. 1996ರ ಡಿಸೆಂಬರ್‌ನಲ್ಲಿ ಸಿಎಸ್‌ಎಸ್‌ನ ಮೊದಲ ಹಂತ ಡಬ್ಲ್ಯು3ಸಿಯ ಅಧಿಕೃತ ಶಿಫಾರಸಾಯಿತು. ಅದರ ಹೃದಯವೇ ಸೆಲೆಕ್ಟರ್. ಪುಟದ ಯಾವ ಭಾಗಕ್ಕೆ ನಿಯಮ ಅನ್ವಯಿಸಬೇಕೆಂದು ಅದು ಹೇಳುತ್ತದೆ. ಹ್ಯಾಶ್ ಚಿಹ್ನೆ ಹಾಕಿ ಹೆಸರು ಬರೆದರೆ ಆ ಐಡಿ ಇರುವ ಒಂದೇ ಎಲಿಮೆಂಟ್, ಚುಕ್ಕಿ ಇಟ್ಟು ಬರೆದರೆ ಆ ಕ್ಲಾಸ್ ಹೊತ್ತ ಎಲ್ಲ ಎಲಿಮೆಂಟ್‌ಗಳು. ಪ್ರೋಗ್ರಾಮಿಂಗ್ ಗೊತ್ತಿಲ್ಲದ ವಿನ್ಯಾಸಕಾರರೂ ನಾಲ್ಕು ದಿನದಲ್ಲಿ ಕಲಿಯಬಹುದಾದ ಭಾಷೆ ಇದು.

ಜಾವಾಸ್ಕ್ರಿಪ್ಟ್ ಹುಟ್ಟಿದ್ದು ಬೇರೆ ನೆಲದಲ್ಲಿ. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಅದರ ಮೊದಲ ರೂಪವನ್ನು ಕಟ್ಟಿದರು. ಮರುವರ್ಷ ಮೈಕ್ರೋಸಾಫ್ಟ್ ಅದನ್ನೇ ಹೋಲುವ ಜೆಸ್ಕ್ರಿಪ್ಟನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರ್ 3ರಲ್ಲಿ ಹೊರತಂದಿತು. ಮೊದಮೊದಲು ಈ ಭಾಷೆಗೆ ಫಾರ್ಮ್‌ಗಳನ್ನು ಪರಿಶೀಲಿಸುವುದು, ಮೌಸ್ ಹೋದಾಗ ಚಿತ್ರ ಬದಲಿಸುವುದು ಇಷ್ಟೇ ಕೆಲಸ. ತೆರೆಯ ಮೇಲೆ ಆಗಲೇ ಮೂಡಿದ ಪುಟದೊಳಗಿನ ಒಂದು ಭಾಗದ ಬಣ್ಣವನ್ನೋ ಜಾಗವನ್ನೋ ಬದಲಿಸುವ ಅಧಿಕಾರ ಅದಕ್ಕಿರಲಿಲ್ಲ.

ಆ ಅಧಿಕಾರ ಬಂದದ್ದು 1997ರಲ್ಲಿ, ಎರಡು ಕಂಪನಿಗಳಿಂದ ಎರಡು ಬಗೆಯಲ್ಲಿ. ನೆಟ್‌ಸ್ಕೇಪ್ 4 ಲೇಯರ್ ಎಂಬ ವ್ಯವಸ್ಥೆ ತಂದಿತು. ಅಲ್ಲಿ ಒಂದು ಭಾಗವನ್ನು ಮರೆಮಾಡಲು ‘ಹೈಡ್’, ತೋರಿಸಲು ‘ಶೋ’ ಎಂದು ಬರೆಯಬೇಕು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4ರಲ್ಲಿ ಅದೇ ಕೆಲಸಕ್ಕೆ ‘ಹಿಡನ್’ ಮತ್ತು ‘ವಿಸಿಬಲ್’. ಭಾಗವನ್ನು ಹುಡುಕುವ ದಾರಿಯೂ ಬೇರೆ: ಅಲ್ಲಿ ‘ಡಾಕ್ಯುಮೆಂಟ್ ಲೇಯರ್ಸ್’, ಇಲ್ಲಿ ‘ಡಾಕ್ಯುಮೆಂಟ್ ಆಲ್’. ನೆಟ್‌ಸ್ಕೇಪ್‌ನಲ್ಲಿ ಲೇಯರನ್ನು ಸರಿಸಬಹುದಿತ್ತು, ಆದರೆ ಪುಟ ಮೂಡಿದ ಮೇಲೆ ಒಂದು ಸಾಲಿನ ಅಕ್ಷರದ ಬಣ್ಣ ಬದಲಿಸುವಂತಿರಲಿಲ್ಲ. ಎಕ್ಸ್‌ಪ್ಲೋರರ್‌ನಲ್ಲಿ ಪುಟದ ಯಾವ ಎಲಿಮೆಂಟಿನ ಸ್ಟೈಲನ್ನಾದರೂ ಬದಲಿಸಬಹುದಿತ್ತು, ಪುಟ ಕೂಡಲೇ ಹೊಂದಿಕೊಂಡು ಮತ್ತೆ ಮೂಡುತ್ತಿತ್ತು. ಒಂದೂರಿನ ಸೇರು ಇನ್ನೊಂದೂರಿನ ಸಂತೆಯಲ್ಲಿ ನಡೆಯದ ಕಾಲದ ಹಾಗೆ, ಒಂದು ಬ್ರೌಸರ್‌ಗೆ ಬರೆದ ಕೋಡ್ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಒಂದು ಮೆನು ಬಿಚ್ಚಿಕೊಳ್ಳಬೇಕಾದರೂ ಡೆವಲಪರ್ ಅದನ್ನು ಎರಡು ಸಲ ಬರೆಯಬೇಕಿತ್ತು.

ಕಾಗದದಲ್ಲಿ ಸಂಧಾನ, ನೆಲದಲ್ಲಿ ಜಗಳ

ಈ ಗೊಂದಲದ ವಿರುದ್ಧ 1998ರಲ್ಲಿ ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್ ಎಂಬ ಗುಂಪು ಹುಟ್ಟಿತು. ಜೆಫ್ರಿ ಝೆಲ್ಡ್‌ಮನ್‌ರಂಥ ವಿನ್ಯಾಸಕಾರರು ಅದರ ಮುಂಚೂಣಿಯಲ್ಲಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಡಬ್ಲ್ಯು3ಸಿ ಡಾಮ್ ಎಂಬ ಒಡಂಬಡಿಕೆಯ ಮೊದಲ ಹಂತವನ್ನು ಹೊರತಂದಿತು. ಪುಟವನ್ನು ಕೊಂಬೆರೆಂಬೆಗಳ ಮರದ ರೂಪದಲ್ಲಿ ನೋಡಿ, ಅದರ ಯಾವ ಎಲಿಮೆಂಟನ್ನಾದರೂ ಸ್ಕ್ರಿಪ್ಟ್‌ನಿಂದ ಮುಟ್ಟಲು ಎಲ್ಲರಿಗೂ ಒಂದೇ ದಾರಿ ಹಾಕಿಕೊಡುವುದು ಅದರ ಉದ್ದೇಶ. 2000ದ ನವೆಂಬರ್‌ನಲ್ಲಿ ಬಂದ ಎರಡನೇ ಹಂತ ಸ್ಟೈಲನ್ನು ಓದುವ, ಬದಲಿಸುವ ನಿಯಮಗಳನ್ನು ಸೇರಿಸಿತು.

ಅಷ್ಟರಲ್ಲಿ ಯುದ್ಧ ಮುಗಿದಿತ್ತು. ನೆಟ್‌ಸ್ಕೇಪ್ ಸೋತು ಎಒಎಲ್ ಕಂಪನಿಯ ಪಾಲಾಯಿತು. 2001ರ ಆಗಸ್ಟ್‌ನಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ಮಾರುಕಟ್ಟೆಯನ್ನು ಹಿಡಿಯಿತು. ಸ್ಪರ್ಧಿ ಇಲ್ಲದ ಮೈಕ್ರೋಸಾಫ್ಟ್ ಅಲ್ಲೇ ನಿಂತುಬಿಟ್ಟಿತು. ಮುಂದಿನ ಆವೃತ್ತಿ ಬಂದದ್ದು ಐದು ವರ್ಷಗಳ ಮೇಲೆ, 2006ರ ಅಕ್ಟೋಬರ್‌ನಲ್ಲಿ. ನಡುವೆ, 2004ರ ನವೆಂಬರ್‌ನಲ್ಲಿ, ನೆಟ್‌ಸ್ಕೇಪ್ ಬಿಟ್ಟುಕೊಟ್ಟ ಮೂಲ ಕೋಡಿನಿಂದ ಹೊಮ್ಮಿದ ಫೈರ್‌ಫಾಕ್ಸ್ 1.0 ಬಂತು. ಆ್ಯಪಲ್‌ನ ಸಫಾರಿ ಆಗಲೇ ಇತ್ತು, ಒಪೆರಾ ಇತ್ತು. ಹೊಸಬರು ನಿಯಮ ಪಾಲಿಸುತ್ತಿದ್ದರು, ಬಹುಮಂದಿಯ ಕೈಯಲ್ಲಿದ್ದ ಹಳೆಯ ಬ್ರೌಸರ್ ಪಾಲಿಸುತ್ತಿರಲಿಲ್ಲ.

ಒಂದು ಎಲಿಮೆಂಟನ್ನು ಅರೆಪಾರದರ್ಶಕ ಮಾಡುವ ಸಣ್ಣ ಕೆಲಸವನ್ನೇ ನೋಡಿ. ಫೈರ್‌ಫಾಕ್ಸ್‌ಗೆ ‘ಒಪ್ಯಾಸಿಟಿ 0.5’ ಎಂದರೆ ಸಾಕು. ಎಕ್ಸ್‌ಪ್ಲೋರರ್‌ಗೆ ‘ಫಿಲ್ಟರ್’ ಎಂಬ ತನ್ನದೇ ಗುಣದೊಳಗೆ ‘ಆಲ್ಫಾ’ ಎಂದು ಬರೆದು, ನೂರಕ್ಕೆ ಐವತ್ತು ಎಂದು ಹೇಳಬೇಕು. ಅಷ್ಟಾದರೂ ಕೆಲವೊಮ್ಮೆ ನಡೆಯದು. ಎಲಿಮೆಂಟಿಗೆ ‘ಝೂಮ್ 1’ ಎಂದೂ ಸೇರಿಸಿದರೆ ಮಾತ್ರ ಅದು ಒಪ್ಪುತ್ತಿತ್ತು. ಫ್ಲೋಟ್ ಗುಣಕ್ಕೆ ಒಂದೆಡೆ ‘ಸಿಎಸ್‌ಎಸ್ ಫ್ಲೋಟ್’, ಇನ್ನೊಂದೆಡೆ ‘ಸ್ಟೈಲ್ ಫ್ಲೋಟ್’. ಎಲಿಮೆಂಟಿನ ಸದ್ಯದ ಅಗಲ ಎಷ್ಟು ಎಂದು ಕೇಳುವ ವಿಧಾನವೂ ಎರಡು ಬಗೆ. ಇಂಥ ಡಜನ್‌ಗಟ್ಟಲೆ ಅಪವಾದಗಳನ್ನು ಬಾಯಿಪಾಠ ಮಾಡಿಕೊಂಡವನೇ ಆಗಿನ ನಿಪುಣ ಡೆವಲಪರ್. ಕೌಶಲವೆಲ್ಲ ಬ್ರೌಸರ್‌ಗಳ ಹುಳುಕು ಮುಚ್ಚುವುದರಲ್ಲೇ ಸವೆಯುತ್ತಿತ್ತು.

ಆದರೆ ಜನರ ನಿರೀಕ್ಷೆ ಬೆಳೆಯುತ್ತಿತ್ತು. 2003ರಲ್ಲಿ ಡೇವ್ ಶೇ ಆರಂಭಿಸಿದ ಸಿಎಸ್‌ಎಸ್ ಝೆನ್ ಗಾರ್ಡನ್, ಎಚ್‌ಟಿಎಂಎಲ್‌ನ ಒಂದಕ್ಷರವನ್ನೂ ಮುಟ್ಟದೆ ಬರೀ ಸ್ಟೈಲ್‌ಶೀಟ್ ಬದಲಿಸಿ ಒಂದೇ ಪುಟವನ್ನು ಹತ್ತಾರು ರೂಪಗಳಲ್ಲಿ ತೋರಿಸಿತು. 2004ರಲ್ಲಿ ಜಿಮೇಲ್, 2005ರ ಆರಂಭದಲ್ಲಿ ಗೂಗಲ್ ಮ್ಯಾಪ್ಸ್ ಬಂದವು. ಪುಟ ಮತ್ತೆ ಲೋಡ್ ಆಗದೆ ತನ್ನಷ್ಟಕ್ಕೇ ಬದಲಾಗುವುದನ್ನು ಜನ ಕಂಡರು. ಅದೇ ವರ್ಷದ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ವಿಧಾನಕ್ಕೆ ಅಜಾಕ್ಸ್ ಎಂದು ಹೆಸರಿಟ್ಟರು. ಇನ್ನು ಪ್ರತಿ ಗಿರಾಕಿಗೂ ತನ್ನ ತಾಣದಲ್ಲಿ ಮೆನು ಜಾರಬೇಕು, ಸಂದೇಶ ಮೆಲ್ಲನೆ ಮೂಡಿ ಮೆಲ್ಲನೆ ಮರೆಯಾಗಬೇಕು.

ಇಪ್ಪತ್ತೊಂದರ ತರುಣ

ಹುಳುಕುಗಳನ್ನು ಒಂದೇ ಕಡೆ ಮುಚ್ಚಿಡುವ ಸಿದ್ಧ ಕೋಡಿನ ಕಂತೆಗಳು, ಅಂದರೆ ಲೈಬ್ರರಿಗಳು, ಆಗಲೇ ಹುಟ್ಟತೊಡಗಿದ್ದವು. 2004ರಲ್ಲಿ ಡೋಜೋ ಶುರುವಾಗಿತ್ತು. 2005ರಲ್ಲಿ ಸ್ಯಾಮ್ ಸ್ಟೀಫನ್‌ಸನ್ ಬರೆದ ಪ್ರೊಟೊಟೈಪ್, ಜಾಲತಾಣ ಕಟ್ಟುವ ಚೌಕಟ್ಟಾದ ರೂಬಿ ಆನ್ ರೈಲ್ಸ್ ಜೊತೆಗೆ ಸೇರಿ ಬೇಗ ಹರಡಿತು. ಐಡಿ ಕೊಟ್ಟರೆ ಎಲಿಮೆಂಟ್ ತಂದುಕೊಡುವ ಕೆಲಸಕ್ಕೆ ಬರಿಯ ಡಾಲರ್ ಚಿಹ್ನೆಯನ್ನೇ ಹೆಸರಾಗಿ ಇಟ್ಟದ್ದು ಅದು. ಅದೇ ವರ್ಷ ಬೆನ್ ನೋಲನ್ ಅವರ ಬಿಹೇವಿಯರ್ ಎಂಬ ಲೈಬ್ರರಿ, ಸಿಎಸ್‌ಎಸ್ ಸೆಲೆಕ್ಟರ್ ಬಳಸಿ ಎಲಿಮೆಂಟ್‌ಗಳಿಗೆ ಕ್ರಿಯೆ ಜೋಡಿಸುವುದನ್ನು ತೋರಿಸಿಕೊಟ್ಟಿತು. ಡೀನ್ ಎಡ್ವರ್ಡ್ಸ್ ಎಂಬ ಜಾವಾಸ್ಕ್ರಿಪ್ಟ್ ಪರಿಣತರು ಸೆಲೆಕ್ಟರ್ ಕೊಟ್ಟರೆ ಪುಟದಲ್ಲಿ ಹುಡುಕಿ ತರುವ ಸಿಎಸ್‌ಎಸ್ ಕ್ವೆರಿಯನ್ನು ಬರೆದರು.

ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ ಓದಿದ ಜಾನ್ ರೆಸಿಗ್ ಎಂಬ ತರುಣ ಇವನ್ನೆಲ್ಲ ನೋಡುತ್ತಿದ್ದರು. 2005ರ ಆಗಸ್ಟ್‌ನಲ್ಲಿ ಅವರು, ಬಿಹೇವಿಯರ್‌ನ ಕಲ್ಪನೆ ಒಳ್ಳೆಯದು, ಆದರೆ ಬರೆಯಬೇಕಾದದ್ದು ಅತಿಯಾಯಿತು, ಇನ್ನೂ ಚುಟುಕಾಗಬಹುದು ಎಂಬ ತಮ್ಮ ವಿಚಾರವನ್ನು ಹೊರಗಿಟ್ಟರು. 2006ರ ಜನವರಿ 14ರಂದು ನ್ಯೂಯಾರ್ಕಿನ ಬಾರ್‌ಕ್ಯಾಂಪ್ ಸಮಾವೇಶದಲ್ಲಿ ಅದರ ಫಲವನ್ನು ಜನರ ಮುಂದಿಟ್ಟರು. ಅದೇ ಜೆಕ್ವೆರಿ. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಆವೃತ್ತಿ 1.0 ಅದೇ ವರ್ಷದ ಆಗಸ್ಟ್‌ನಲ್ಲಿ ಬಂತು.

ಜೆಕ್ವೆರಿ ಮಾಡಿದ್ದೇನು ಎಂಬುದನ್ನು ಒಂದು ಸಾಮಾನ್ಯ ಕೆಲಸದಲ್ಲಿ ನೋಡೋಣ. ಉದ್ದನೆಯ ಕೋಷ್ಟಕವೊಂದರಲ್ಲಿ ಕಣ್ಣು ಸಾಲು ತಪ್ಪದಿರಲೆಂದು ಒಂದು ಬಿಟ್ಟು ಒಂದು ಸಾಲಿಗೆ ತಿಳಿಬಣ್ಣ ಹಾಕಬೇಕು. ಹಳೆಯ ರೀತಿಯಲ್ಲಾದರೆ ಮೊದಲು ಐಡಿಯಿಂದ ಕೋಷ್ಟಕವನ್ನು ಹುಡುಕಬೇಕು, ಅದು ಸಿಕ್ಕಿತೋ ಇಲ್ಲವೋ ನೋಡಬೇಕು, ಅದರೊಳಗಿನ ಸಾಲುಗಳನ್ನೆಲ್ಲ ಒಟ್ಟುಮಾಡಬೇಕು, ಲೂಪ್ ಹಾಕಿ ಒಂದೊಂದನ್ನೂ ಎಣಿಸಬೇಕು, ಸಮಸಂಖ್ಯೆಯೇ ಎಂದು ಪರೀಕ್ಷಿಸಬೇಕು, ಹೌದಾದರೆ ಅದರ ಕ್ಲಾಸ್‌ಗೆ ಇನ್ನೊಂದು ಹೆಸರನ್ನು ಅಂಟಿಸಬೇಕು. ಅಂಟಿಸುವಾಗ ಹಳೆಯ ಹೆಸರು ಅಳಿಯದಂತೆ ನೋಡಿಕೊಳ್ಳಬೇಕು. ಜೆಕ್ವೆರಿಯಲ್ಲಿ ಇಷ್ಟಕ್ಕೆ ಒಂದೇ ಸಾಲು: ಡಾಲರ್ ಚಿಹ್ನೆ, ಆವರಣದೊಳಗೆ ‘ಕೋಷ್ಟಕದ ಸಮ ಸಾಲುಗಳು’ ಎಂದು ಹೇಳುವ ಸೆಲೆಕ್ಟರ್, ಒಂದು ಚುಕ್ಕಿ, ‘ಆ್ಯಡ್‌ಕ್ಲಾಸ್’, ಅದರೊಳಗೆ ಕ್ಲಾಸಿನ ಹೆಸರು. ಲೂಪ್ ಒಳಗೇ ನಡೆಯುತ್ತದೆ. ಒಂದೂ ಸಾಲು ಸಿಗದಿದ್ದರೆ ಪುಟ ತಕರಾರು ಮಾಡದೆ ಮುಂದುವರಿಯುತ್ತದೆ. ಕೊನೆಗೆ ಇನ್ನೊಂದು ಚುಕ್ಕಿ ಇಟ್ಟು ಅದೇ ಸಾಲುಗಳಿಗೆ ಮತ್ತೊಂದು ಕೆಲಸವನ್ನೂ ಪೋಣಿಸಬಹುದು.

ಇಲ್ಲಿರುವ ನಿಜವಾದ ಹೊಳಹು ಚುಟುಕುತನಕ್ಕಿಂತ ದೊಡ್ಡದು. ವಿನ್ಯಾಸಕಾರನಿಗೆ ಸ್ಟೈಲ್‌ಶೀಟ್ ಬರೆದೂ ಬರೆದೂ ಕರಗತವಾಗಿದ್ದ ಸೆಲೆಕ್ಟರ್ ಭಾಷೆಯೇ ಈಗ ಸ್ಕ್ರಿಪ್ಟಿನ ಬಾಗಿಲಿನ ಕೀಲಿಯಾಯಿತು. ನೆಟ್‌ಸ್ಕೇಪ್ ಒಂದು ಕಾಲದಲ್ಲಿ ಸ್ಟೈಲನ್ನು ಪ್ರೋಗ್ರಾಮರನ ಭಾಷೆಗೆ ಒಳಪಡಿಸಲು ಹೊರಟಿತ್ತು. ರೆಸಿಗ್ ಪ್ರೋಗ್ರಾಮನ್ನೇ ಸ್ಟೈಲಿನ ಭಾಷೆಗೆ ಹೊಂದಿಸಿದರು. ಕಾಲೇಜಿನಲ್ಲಿ ಗಣಕ ವಿಜ್ಞಾನ ಓದದ, ಪತ್ರಿಕೆಯ ಪುಟ ವಿನ್ಯಾಸದಿಂದಲೋ ಮುದ್ರಣಾಲಯದಿಂದಲೋ ಬಂದ ಸಾವಿರಾರು ಜನ ಜಾಲಪುಟಕ್ಕೆ ಚಲನೆ ಕೊಡಲು ಕಲಿತದ್ದು ಈ ಬಾಗಿಲಿನಿಂದ.

ಒಳಗಿನ ದುಡಿಮೆ

ಹೊರಗೆ ಒಂದು ಸಾಲು ಇದ್ದರೆ ಒಳಗೆ ನೂರು ಸಾಲಿನ ದುಡಿಮೆ ಇತ್ತು. ಜೆಕ್ವೆರಿಯಲ್ಲಿ ಸಿಎಸ್‌ಎಸ್ ಎಂಬ ಹೆಸರಿನದೇ ಒಂದು ವಿಧಾನವಿದೆ. ಅದಕ್ಕೆ ಗುಣದ ಹೆಸರು ಮಾತ್ರ ಕೊಟ್ಟರೆ ಸದ್ಯದ ಬೆಲೆ ಹೇಳುತ್ತದೆ, ಹೆಸರಿನ ಜೊತೆ ಬೆಲೆಯನ್ನೂ ಕೊಟ್ಟರೆ ಬದಲಿಸುತ್ತದೆ. ಬಳಸುವವನಿಗೆ ಇಷ್ಟೇ. ಫ್ಲೋಟ್‌ಗೆ ಯಾವ ಬ್ರೌಸರ್‌ನಲ್ಲಿ ಯಾವ ಹೆಸರು, ಒಪ್ಯಾಸಿಟಿಗೆ ಫಿಲ್ಟರ್ ಬೇಕೆ, ಝೂಮ್ ಸೇರಿಸಬೇಕೆ ಎಂಬುದನ್ನೆಲ್ಲ ಅದು ಒಳಗೇ ನೋಡಿಕೊಳ್ಳುತ್ತಿತ್ತು.

ಇವುಗಳಲ್ಲಿ ಒಂದು ಉಪಾಯ ನೆನಪಿಡುವಂಥದ್ದು. ಎಲಿಮೆಂಟಿನ ಅಂಚು ಎಷ್ಟು ಎಂದು ಕೇಳಿದರೆ ಹಳೆಯ ಎಕ್ಸ್‌ಪ್ಲೋರರ್ ‘2 ಎಮ್’ ಎಂದು ಸ್ಟೈಲ್‌ಶೀಟಿನಲ್ಲಿ ಬರೆದದ್ದನ್ನೇ ಒಪ್ಪಿಸುತ್ತಿತ್ತು, ಪಿಕ್ಸೆಲ್ ಲೆಕ್ಕ ಕೊಡುತ್ತಿರಲಿಲ್ಲ. ಪಿಕ್ಸೆಲ್ ಇಲ್ಲದೆ ಚಲನೆಯ ಲೆಕ್ಕ ಹಾಕಲಾಗದು. ಡೀನ್ ಎಡ್ವರ್ಡ್ಸ್ ಕಂಡುಕೊಂಡ ದಾರಿ ಹೀಗೆ: ಆ ‘2 ಎಮ್’ ಅನ್ನು ಕ್ಷಣಕಾಲ ಎಲಿಮೆಂಟಿನ ‘ಲೆಫ್ಟ್’ ಗುಣಕ್ಕೆ ಹಾಕು, ಎಡದಿಂದ ಎಷ್ಟು ಪಿಕ್ಸೆಲ್ ಎಂದು ಬ್ರೌಸರನ್ನೇ ಕೇಳು, ಉತ್ತರ ಬಂದ ಕೂಡಲೇ ಹಳೆಯ ಬೆಲೆಯನ್ನು ಮತ್ತೆ ಅಲ್ಲೇ ಇಡು. ಕಣ್ಣಿಗೆ ಏನೂ ಕಾಣದು, ಲೆಕ್ಕ ಮಾತ್ರ ಸಿಗುತ್ತದೆ. ಜೆಕ್ವೆರಿ ಈ ಉಪಾಯವನ್ನು ಅವರ ಹೆಸರು ಹೇಳಿ, ಮೆಚ್ಚುಗೆಯ ಮಾತಿನೊಂದಿಗೆ ತನ್ನ ಕೋಡಿಗೆ ಸೇರಿಸಿಕೊಂಡಿತು. ಮರೆಯಲ್ಲಿರುವ ಎಲಿಮೆಂಟಿನ ಎತ್ತರ ಅಳೆಯುವುದಕ್ಕೂ ಇಂಥದೇ ಚಾತುರ್ಯ ಬೇಕಿತ್ತು. ಅದನ್ನು ಪುಟದ ಹರಿವಿನಿಂದ ಹೊರತೆಗೆದು, ಕಾಣದಂತೆ ಇಟ್ಟುಕೊಂಡೇ ಜಾಗ ಕೊಟ್ಟು, ಅಳೆದು, ಮತ್ತೆ ಮೊದಲಿನಂತೆ ಮಾಡುವುದು.

ಚಲನೆಯೂ ಸ್ಟೈಲಿನ ಬದಲಾವಣೆಯೇ. ಎಲಿಮೆಂಟ್ ಮೆಲ್ಲನೆ ಮರೆಯಾಗಬೇಕೆಂದರೆ ಜೆಕ್ವೆರಿ 13 ಮಿಲಿಸೆಕೆಂಡಿಗೊಮ್ಮೆ ಎದ್ದು ಅದರ ಒಪ್ಯಾಸಿಟಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಿತ್ತು. ಏನೂ ಹೇಳದಿದ್ದರೆ ಒಟ್ಟು 400 ಮಿಲಿಸೆಕೆಂಡು, ‘ಸ್ಲೋ’ ಎಂದರೆ 600, ‘ಫಾಸ್ಟ್’ ಎಂದರೆ 200. ಆ ವರ್ಷಗಳಲ್ಲಿ ಜಗತ್ತಿನ ಅಸಂಖ್ಯ ಪುಟಗಳ ಲಯ ಈ ಮೂರು ಅಂಕಿಗಳಲ್ಲಿತ್ತು.

ಈ ಕೆಲಸದ ಹಿಂದೆ ದೇಶದೇಶಗಳ ಸ್ವಯಂಸೇವಕರಿದ್ದರು. ಕೋಡ್ ಎಲ್ಲರಿಗೂ ಉಚಿತ, ದಸ್ತಾವೇಜು ಓದುವಂತಿತ್ತು, ಪ್ಲಗಿನ್ ಬರೆಯುವುದು ಸುಲಭವಿತ್ತು. ಪ್ರೊಟೊಟೈಪ್ ಜಾವಾಸ್ಕ್ರಿಪ್ಟಿನ ಮೂಲ ವಸ್ತುಗಳಿಗೇ ತನ್ನ ವಿಧಾನಗಳನ್ನು ಸೇರಿಸುತ್ತಿದ್ದುದರಿಂದ ಬೇರೆ ಕೋಡಿನೊಂದಿಗೆ ತಿಕ್ಕಾಟ ಬರುತ್ತಿತ್ತು. ಜೆಕ್ವೆರಿ ಎಲಿಮೆಂಟ್‌ಗಳನ್ನು ತನ್ನದೊಂದು ಹೊದಿಕೆಯಲ್ಲಿ ಇಟ್ಟುಕೊಂಡು ಮೂಲವನ್ನು ಮುಟ್ಟದೆ ಬಿಟ್ಟಿತು. ಡಾಲರ್ ಚಿಹ್ನೆಯ ಹಕ್ಕು ಇನ್ನೊಬ್ಬರಿಗೆ ಬೇಕೆಂದರೆ ಅದನ್ನೂ ಬಿಟ್ಟುಕೊಡುವ ವ್ಯವಸ್ಥೆ ಮಾಡಿತು. ಅದು ಗೆದ್ದದ್ದಕ್ಕೆ ಈ ಸೌಜನ್ಯವೂ ಒಂದು ಕಾರಣ.

ಜಾಲತಾಣ ನಡೆಸುವ ತಂತ್ರಾಂಶಗಳಲ್ಲಿ 2007ರ ಜನವರಿಯಲ್ಲಿ ಡ್ರುಪಲ್ 5, ಅದೇ ವರ್ಷ ವರ್ಡ್‌ಪ್ರೆಸ್ ಜೆಕ್ವೆರಿಯನ್ನು ತಮ್ಮೊಳಗೆ ಸೇರಿಸಿಕೊಂಡವು. 2008ರ ಸೆಪ್ಟೆಂಬರ್ 28ರಂದು ಮೈಕ್ರೋಸಾಫ್ಟ್ ಮತ್ತು ನೋಕಿಯಾ ಅದನ್ನು ತಮ್ಮ ಉಪಕರಣಗಳಲ್ಲಿ ಬಳಸುವುದಾಗಿ ತಿಳಿಸಿದವು. ಬಹುಪಾಲು ಹುಳುಕುಗಳಿಗೆ ಮೂಲವಾದ ಬ್ರೌಸರನ್ನು ಮಾಡಿದ ಕಂಪನಿಯೇ, ಅವನ್ನು ಮುಚ್ಚಲು ಹುಟ್ಟಿದ ಉಚಿತ ಲೈಬ್ರರಿಯನ್ನು ತಿದ್ದದೆ ಇದ್ದಹಾಗೆ ಒಪ್ಪಿಕೊಂಡಿತು.

ಕನ್ನಡದ ಪುಟಕ್ಕೆ ಬಂದದ್ದು

ಈ ಅಲೆ ಕನ್ನಡವನ್ನೂ ಮುಟ್ಟಿತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಎರಡು ತೊಡಕುಗಳಿದ್ದವು. ಓದುವವರ ಗಣಕದಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಅಕ್ಷರದ ಬದಲು ಖಾಲಿ ಚೌಕಗಳು ಕಾಣುತ್ತಿದ್ದವು. ಬರೆಯುವವರಿಗೆ ಬೇರೆ ತಂತ್ರಾಂಶ ಹಾಕಿಕೊಳ್ಳದೆ ಟೈಪಿಸಲು ಆಗುತ್ತಿರಲಿಲ್ಲ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶ 2010ರ ಹೊತ್ತಿಗೆ ಜೆಕ್ವೆರಿಯನ್ನು ಸೇರಿಸಿಕೊಂಡಿತ್ತು. ಅದರ ಮೇಲೆ ವಿಕಿಮೀಡಿಯ ಸಂಸ್ಥೆಯ ಭಾಷಾ ತಂಡ 2012ರಲ್ಲಿ ಪ್ರಾಜೆಕ್ಟ್ ಮಿಲ್ಕ್‌ಶೇಕ್ ಎಂಬ ಹೆಸರಿನಲ್ಲಿ ಕೆಲವು ಪ್ಲಗಿನ್‌ಗಳನ್ನು ಪ್ರತ್ಯೇಕಿಸಿ, ಯಾರು ಬೇಕಾದರೂ ತಮ್ಮ ತಾಣದಲ್ಲಿ ಬಳಸುವಂತೆ ಹೊರತಂದಿತು.

ಅವುಗಳಲ್ಲಿ ವೆಬ್‌ಫಾಂಟ್ಸ್ ಪ್ಲಗಿನ್ ಮಾಡುವುದು ಸ್ಟೈಲ್ ಬದಲಿಸುವ ಕೆಲಸವನ್ನೇ. ಪುಟದ ಎಲಿಮೆಂಟಿಗೆ ಯಾವ ಭಾಷೆಯ ಗುರುತಿದೆ ಎಂದು ನೋಡಿ, ಆ ಭಾಷೆಗೆ ಗೊತ್ತುಮಾಡಿದ ಫಾಂಟನ್ನು ಸರ್ವರ್‌ನಿಂದ ತರಿಸಿ, ಎಲಿಮೆಂಟಿನ ಫಾಂಟ್ ಗುಣವನ್ನು ಬದಲಿಸುತ್ತದೆ. ಚೌಕಗಳ ಜಾಗದಲ್ಲಿ ಕನ್ನಡ ಮೂಡುತ್ತದೆ. ಟೈಪಿಸಲು ಇನ್ನೊಂದು ಪ್ಲಗಿನ್. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ, ಇನ್‌ಸ್ಕ್ರಿಪ್ಟ್, ಲಿಪ್ಯಂತರಣ ಇವೆಲ್ಲ ಅದರಲ್ಲಿವೆ. ಸೈಬರ್ ಕೆಫೆಯಲ್ಲಿ ಯಾವ ತಂತ್ರಾಂಶವನ್ನೂ ಹಾಕಿಕೊಳ್ಳುವ ಅನುಮತಿ ಇಲ್ಲದೆ ಕುಳಿತ ವಿದ್ಯಾರ್ಥಿಯೂ ಕನ್ನಡದಲ್ಲಿ ಲೇಖನ ತಿದ್ದುವಂತಾಯಿತು. ಬಣ್ಣ ಬದಲಿಸಲೆಂದು ಹುಟ್ಟಿದ ಲೈಬ್ರರಿ ಒಂದು ನುಡಿಯನ್ನು ಓದಿಸುವ, ಬರೆಸುವ ಕೆಲಸಕ್ಕೂ ಒದಗಿತು ಎಂಬುದು ನನಗೆ ಅದರ ಚರಿತ್ರೆಯಲ್ಲಿ ಬಲು ಹೆಮ್ಮೆಯ ಸಂಗತಿ.

ಗೆದ್ದದ್ದರ ಗುರುತು

ಎಲ್ಲರ ಕೈಗೂ ಸಿಕ್ಕ ಸಾಧನ ತಪ್ಪಾಗಿಯೂ ಬಳಕೆಯಾಯಿತು. ಸ್ಕ್ರಿಪ್ಟಿನೊಳಗೇ ಬಣ್ಣ, ಅಗಲ, ಅಂಚುಗಳನ್ನು ತುಂಬಿದವರು ಬಹಳ. ಹಾಗೆ ಎಲಿಮೆಂಟಿಗೆ ನೇರವಾಗಿ ಅಂಟಿಸಿದ ಸ್ಟೈಲ್, ಸ್ಟೈಲ್‌ಶೀಟಿನ ಸಾಮಾನ್ಯ ನಿಯಮವನ್ನು ಮೀರಿ ಕೂರುತ್ತದೆ. ಆರು ತಿಂಗಳ ಮೇಲೆ ತಾಣದ ಬಣ್ಣ ಬದಲಿಸಹೊರಟವನಿಗೆ ಒಂದೇ ಒಂದು ಗುಂಡಿ ಮಾತ್ರ ಹಳೆಯ ಬಣ್ಣದಲ್ಲೇ ಉಳಿಯುವುದೇಕೆಂದು ತಿಳಿಯುತ್ತಿರಲಿಲ್ಲ. ಸ್ಕ್ರಿಪ್ಟ್ ಕ್ಲಾಸನ್ನು ಮಾತ್ರ ಹಾಕಲಿ ಇಲ್ಲವೇ ತೆಗೆಯಲಿ, ಆ ಕ್ಲಾಸ್ ಹೇಗೆ ಕಾಣಬೇಕೆಂಬುದನ್ನು ಸ್ಟೈಲ್‌ಶೀಟ್ ನಿರ್ಧರಿಸಲಿ ಎಂಬ ಪಾಠ ಈ ಅನುಭವದಿಂದ ಬಂತು. ಇವತ್ತಿಗೂ ಅದು ಒಳ್ಳೆಯ ಪಾಠ.

ಬ್ರೌಸರ್‌ಗಳೂ ಕಲಿತವು. ಸೆಲೆಕ್ಟರ್ ಕೊಟ್ಟು ಎಲಿಮೆಂಟ್ ಹುಡುಕುವ ಶಕ್ತಿ 2008ರಲ್ಲಿ ಸಫಾರಿ 3.1ಕ್ಕೆ, 2009ರಲ್ಲಿ ಎಕ್ಸ್‌ಪ್ಲೋರರ್ 8ಕ್ಕೂ ಫೈರ್‌ಫಾಕ್ಸ್ 3.5ಕ್ಕೂ ಹುಟ್ಟುಗುಣವಾಗಿ ಬಂತು. ಕ್ಲಾಸ್ ಸೇರಿಸುವ, ತೆಗೆಯುವ ವಿಧಾನ ಬ್ರೌಸರ್‌ನದೇ ಆಯಿತು. ಮೆಲ್ಲನೆ ಮೂಡುವ, ಮರೆಯಾಗುವ ಚಲನೆಯನ್ನು ಸಿಎಸ್‌ಎಸ್ ಟ್ರಾನ್ಸಿಶನ್ ತಾನೇ ವಹಿಸಿಕೊಂಡಿತು. ಜೆಕ್ವೆರಿಯೂ ಕಾಲಕ್ಕೆ ತಕ್ಕಂತೆ ಹೊರೆ ಇಳಿಸಿಕೊಂಡಿತು. 2013ರ ಏಪ್ರಿಲ್‌ನಲ್ಲಿ ಬಂದ 2.0 ಆವೃತ್ತಿ ಎಕ್ಸ್‌ಪ್ಲೋರರ್ 6, 7, 8ರ ಬೆಂಬಲ ಕೈಬಿಟ್ಟಿತು. ಅದೇ ವರ್ಷ ರಿಯಾಕ್ಟ್, ಮರುವರ್ಷ ವ್ಯೂ ಎಂಬ ಹೊಸ ಲೈಬ್ರರಿಗಳು ಬಂದವು. ಎಲಿಮೆಂಟನ್ನು ಹುಡುಕಿ ಬದಲಿಸುವ ಬದಲು, ಮಾಹಿತಿ ಹೀಗಿದ್ದರೆ ಪುಟ ಹೀಗಿರಲಿ ಎಂದು ಹೇಳುವ ಹೊಸ ರೀತಿ ಅವುಗಳದು. 2018ರಲ್ಲಿ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತನ್ನ ತಾಣದಿಂದ ಜೆಕ್ವೆರಿಯನ್ನು ತೆಗೆಯಿತು, 2021ರಲ್ಲಿ ಪುಟ ವಿನ್ಯಾಸದ ಸಿದ್ಧ ಚೌಕಟ್ಟಾದ ಬೂಟ್‌ಸ್ಟ್ರ್ಯಾಪ್ 5 ಅದನ್ನು ಬಿಟ್ಟು ಹೊರಬಂತು.

ಹಾಗೆಂದು ಅದು ಅಳಿದುಹೋಗಲಿಲ್ಲ. 2022ರ ಕೊನೆಯ ಒಂದು ಘಟನೆ ಅದರ ತೂಕವನ್ನು ತೋರಿಸುತ್ತದೆ. ಒಳಗೆ ಇಂಥದ್ದು ಇರುವ ಎಲಿಮೆಂಟನ್ನು ಆಯ್ದುಕೊಡು ಎಂದು ಹೇಳುವ ‘ಹ್ಯಾಸ್’ ಸೆಲೆಕ್ಟರ್ ಜೆಕ್ವೆರಿಯಲ್ಲಿ 2007ರಿಂದಲೇ ಇತ್ತು. ಬ್ರೌಸರ್‌ಗಳಿಗೆ ಅದು ಬಂದದ್ದು ಹದಿನೈದು ವರ್ಷಗಳ ಮೇಲೆ. ಬಂದಾಗ ತೊಡಕೊಂದು ಕಂಡಿತು. ಜೆಕ್ವೆರಿ ಯಾವ ಸೆಲೆಕ್ಟರನ್ನಾದರೂ ಮೊದಲು ಬ್ರೌಸರ್‌ಗೆ ಕೊಟ್ಟು ನೋಡುತ್ತದೆ. ಅರ್ಥವಾಗಲಿಲ್ಲವೆಂದು ಬ್ರೌಸರ್ ದೋಷ ತೋರಿಸಿದರೆ ಮಾತ್ರ ತನ್ನ ಸ್ವಂತ ಯಂತ್ರವನ್ನು ಓಡಿಸುತ್ತದೆ. ಹೊಸ ‘ಹ್ಯಾಸ್’ ತನ್ನೊಳಗೆ ಅರ್ಥವಾಗದ್ದೇನಾದರೂ ಇದ್ದರೆ ದೋಷ ತೋರಿಸದೆ ಸುಮ್ಮನಿರುವಂತೆ ರೂಪುಗೊಂಡಿತ್ತು. ಹೀಗಾಗಿ ಜೆಕ್ವೆರಿಗೆ ಖಾಲಿ ಉತ್ತರ ಸಿಕ್ಕಿ, ಹಳೆಯ ಪುಟಗಳು ಮುರಿಯತೊಡಗಿದವು. ಸಿಎಸ್‌ಎಸ್ ರೂಪಿಸುವ ಡಬ್ಲ್ಯು3ಸಿ ಕಾರ್ಯತಂಡ ಪಟ್ಟು ಹಿಡಿಯಲಿಲ್ಲ, ನಿಯಮವನ್ನೇ ಬದಲಿಸಿತು. ಅರ್ಥವಾಗದಿದ್ದರೆ ‘ಹ್ಯಾಸ್’ ದೋಷ ತೋರಿಸಬೇಕೆಂದು ಗೊತ್ತುಮಾಡಿತು.

ಸಿಎಸ್‌ಎಸ್‌ನ ಭಾಷೆಯನ್ನು ಎರವಲು ಪಡೆದು ಹುಟ್ಟಿದ ಲೈಬ್ರರಿಗಾಗಿ ಸಿಎಸ್‌ಎಸ್ ತನ್ನ ನಿಯಮ ತಿದ್ದಿಕೊಂಡಿತು. ಈ ದಶಕದಲ್ಲೂ ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟರಲ್ಲಿ ಜೆಕ್ವೆರಿ ಇದೆ ಎಂದು ಸಮೀಕ್ಷೆಗಳು ಹೇಳುತ್ತಿರುವಾಗ, ಆ ಪುಟಗಳನ್ನು ಕಟ್ಟಿದವರ ದುಡಿಮೆಯನ್ನು ಕಾಯುವುದು ನ್ಯಾಯವೂ ಹೌದು. ಇಂದು ಹೊಸ ಪುಟ ಕಟ್ಟುವವರು ಜೆಕ್ವೆರಿ ಇಲ್ಲದೆಯೇ ಕಟ್ಟಬಹುದು, ಕಟ್ಟಲಿ. ಆದರೆ ಅವರು ಬರೆಯುವ ಸಾಲಿನಲ್ಲಿ ಸೆಲೆಕ್ಟರ್‌ನಿಂದ ಆಯ್ದು, ಕ್ಲಾಸ್‌ನಿಂದ ಬದಲಿಸುವ ಕ್ರಮ ಇರುತ್ತದೆ. ಕಂಪನಿಗಳು ಹತ್ತು ವರ್ಷ ಜಗಳವಾಡಿ ಕೊಡಲಾಗದ ಆ ಕ್ರಮವನ್ನು ಬಳಕೆಗೆ ತಂದವರು ಒಬ್ಬ ತರುಣ ಮತ್ತು ಅವನ ಜೊತೆ ಸಂಬಳವಿಲ್ಲದೆ ದುಡಿದ ಸ್ವಯಂಸೇವಕರು. ವೆಬ್ ಎಲ್ಲರದೂ ಆಗಿ ಉಳಿಯಬೇಕೆನ್ನುವವರು ಓದಿಕೊಳ್ಳಬೇಕಾದ ಚರಿತ್ರೆ ಇದು.